123 ವೋಲ್ಟ್ ರೆಗ್ಯುಲೇಟರ್ ಎರಡು ಸಲ ಸುಟ್ಟುಹೋಯಿತು. ಅದರ ಕರೆಂಟ್ ಸಾಮರ್ಥ್ಯ ಹೆಚ್ಚಿಸುವುದು ಹೇಗೆ?

ಸನ್ನಿವೇಲ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಸಾಫ್ಟ್‌ವೇರ್ ಕೆಲಸ. ಸೋಲ್ಡರಿಂಗ್ ಕಲಿತು ಎರಡು ವರ್ಷ ಆಯಿತು ಅಷ್ಟೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ನನ್ನ ಗ್ಯಾರೇಜಿನಲ್ಲಿ ಒಂದು ಗ್ಯಾಲಗಾ ಮೆಷೀನ್ ಇದೆ. ನ್ಯಾಮ್ಕೋದವರ 1981ರ ಆಟ, ಅಮೆರಿಕದಲ್ಲಿ ಮಿಡ್‌ವೇ ತಂದದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದರೆ ಅತ್ತೆಯ ಮಗನ ಜೊತೆ ಒಂದು ವಿಡಿಯೋ ಗೇಮ್ ಅಂಗಡಿಗೆ ಹೋಗುತ್ತಿದ್ದೆ. ಜೇಬಿನ ಚಿಲ್ಲರೆ ಎಲ್ಲ ಈ ಆಟಕ್ಕೇ ಖರ್ಚಾಗುತ್ತಿತ್ತು. ಅದಕ್ಕೇ ಜನವರಿಯಲ್ಲಿ ಇದು ಮಾರಾಟಕ್ಕೆ ಬಂದಾಗ ಹಿಂದೆಮುಂದೆ ನೋಡದೆ ತಗೊಂಡೆ. ಈಗ ನನ್ನ ಎಂಟು ವರ್ಷದ ಮಗಳು ನನಗಿಂತ ಚೆನ್ನಾಗಿ ಆಡುತ್ತಾಳೆ.

ಮರದ ಪೆಟ್ಟಿಗೆ ಮೂಲದ್ದು. ಮಾನಿಟರ್ ಮಾತ್ರ ಹಳೆಯ ಮಾಲೀಕರು ಯಾವಾಗಲೋ ಬದಲಿಸಿದ್ದು. 19 ಇಂಚಿನ ಕಲರ್ ಪಿಕ್ಚರ್ ಟ್ಯೂಬ್. ಗ್ಯಾಲಗಾದ ಚಿತ್ರ ಉದ್ದಕ್ಕೆ ಇರುವುದರಿಂದ ಮಾನಿಟರನ್ನು ಮಗ್ಗುಲಾಗಿ ತಿರುಗಿಸಿ ಕೂರಿಸಿದ್ದಾರೆ. ಗೋಡೆಯ 120 ವೋಲ್ಟ್ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ದಾಟಿ ಬೋರ್ಡಿಗೆ ಬರುತ್ತದೆ. ನಾಲ್ಕು ಡಯೋಡ್, ಒಂದು ದೊಡ್ಡ ಕಂಡೆನ್ಸರ್. ಅಲ್ಲಿ ಅಳೆದರೆ 162 ವೋಲ್ಟ್ ಡಿಸಿ. ಅದನ್ನು ಎಸ್‌ಟಿಆರ್30123 ಎಂಬ ಐದು ಕಾಲಿನ ರೆಗ್ಯುಲೇಟರ್ 123 ವೋಲ್ಟಿಗೆ ಇಳಿಸುತ್ತದೆ. ಇದೇ ಬಿ ಪ್ಲಸ್, ಅಂದರೆ ಮಾನಿಟರಿನ ಮುಖ್ಯ ಡಿಸಿ ಸಪ್ಲೈ. ಏರಿಸಲು ಇಳಿಸಲು ಪ್ರೀಸೆಟ್ ಏನೂ ಇಲ್ಲ.

ಮಾರ್ಚ್ ಮೊದಲ ವಾರ ಆಟದ ಮಧ್ಯೆ ಚಿತ್ರ ಟಕ್ಕೆಂದು ಹೋಯಿತು. ನೋಡಿದರೆ ಬಿ ಪ್ಲಸ್ ಜಾಗದಲ್ಲೂ 162 ವೋಲ್ಟ್. ರೆಗ್ಯುಲೇಟರಿನ ಇನ್‌ಪುಟ್ ಕಾಲೂ ಔಟ್‌ಪುಟ್ ಕಾಲೂ ಒಳಗೇ ಶಾರ್ಟ್ ಆಗಿದ್ದವು. ವೋಲ್ಟೇಜ್ ಜಾಸ್ತಿಯಾದರೆ ಹೈ ವೋಲ್ಟೇಜ್ ನಿಲ್ಲಿಸುವ ಸರ್ಕ್ಯೂಟ್ ಬೋರ್ಡಿನಲ್ಲೇ ಇದೆ. ಅದು ಕೆಲಸ ಮಾಡಿದ್ದರಿಂದ ಉಳಿದ ಭಾಗಗಳು ಬಚಾವಾದವು. ಹೊಸ ಎಸ್‌ಟಿಆರ್ ಹಾಕಿದೆ. ಒಂಬತ್ತೇ ದಿನಕ್ಕೆ ಅದೂ ಹೋಯಿತು. ಹೋಗುವ ಮುಂಚೆ, ಮೆಷೀನ್ ಆನ್ ಮಾಡಿ 20 ನಿಮಿಷ ಆದ ಮೇಲೆ ಚಿತ್ರದ ಅಂಚು ಸಣ್ಣಗೆ ನಡುಗುತ್ತಿತ್ತು. ಹೀಟ್‌ಸಿಂಕಿನ ಹತ್ತಿರ ಕೈ ಒಯ್ಯಲು ಆಗುತ್ತಿರಲಿಲ್ಲ, ಅಷ್ಟು ಶಾಖ.

ಮೂರನೆಯದು ಕೈಯಲ್ಲಿದೆ. ಹಾಕಲು ಧೈರ್ಯ ಬರುತ್ತಿಲ್ಲ. ಈ ರೆಗ್ಯುಲೇಟರಿಗೆ ಶಕ್ತಿ ಸಾಲುತ್ತಿಲ್ಲ ಅನಿಸುತ್ತದೆ. ಎರಡು ಎಸ್‌ಟಿಆರ್ ಜೊತೆಜೊತೆಯಾಗಿ ಹಾಕಬಹುದಾ? ಅಥವಾ 12 ವೋಲ್ಟಿನ 7812 ರೆಗ್ಯುಲೇಟರಿಗೆ ಪಕ್ಕದಲ್ಲಿ ಪವರ್ ಟ್ರಾನ್ಸಿಸ್ಟರ್ ಕೊಟ್ಟು ಕರೆಂಟ್ ಹೆಚ್ಚಿಸುವ ಹಾಗೆ ಇದಕ್ಕೂ ಒಂದು 2ಎನ್3055 ಕೊಡಬಹುದಾ?


ಎಸ್.ಪಿ. ರೋಡ್ ಹುಡುಗ

ಎರಡು ಎಸ್‌ಟಿಆರ್ ಸೇರಿಸಿ ಹಾಕಬೇಡಿ. ಎರಡೂ ಕರಾರುವಾಕ್ಕಾಗಿ ಒಂದೇ ವೋಲ್ಟೇಜ್ ಕೊಡುವುದಿಲ್ಲ. ಒಂದು 123.0, ಇನ್ನೊಂದು 123.6 ಅಂದುಕೊಳ್ಳಿ. ಜಾಸ್ತಿ ಇರುವುದೇ ಪೂರ್ತಿ ಕರೆಂಟ್ ಹೊರುತ್ತದೆ. ಇನ್ನೊಂದು ಔಟ್‌ಪುಟ್ ನೋಡಿ "ಆಗಲೇ ಸಾಕಷ್ಟಿದೆ" ಎಂದು ಸುಮ್ನೆ ಕೂರುತ್ತದೆ. ಮೊದಲನೆಯದು ಸುಟ್ಟು ಶಾರ್ಟ್ ಆದರೆ ಎರಡನೆಯದು ಇದ್ದೂ ಉಪಯೋಗವಿಲ್ಲ, 162 ವೋಲ್ಟ್ ನೇರವಾಗಿ ಹೋಗುತ್ತದೆ.

ಎಸ್.ಪಿ. ರೋಡಿನಲ್ಲಿ ನಮ್ಮ ಮಾವನ ಅಂಗಡಿ. ನನಗೆ ಗೊತ್ತಿರುವುದು ಇಷ್ಟು. ದಾವಣಗೆರೆ ಯಜಮಾನರು ನೋಡಿದರೆ ಸರಿಯಾಗಿ ಹೇಳುತ್ತಾರೆ.


ದಾವಣಗೆರೆ ಟಿವಿ ಮೆಕ್ಯಾನಿಕ್

ತಮ್ಮಾ, ಆ ಮೂರನೆಯ ಎಸ್‌ಟಿಆರ್ ಡಬ್ಬಿಯಲ್ಲೇ ಇರಲಿ. ಮೊದಲು ಒಂದು ಮಾತು ಕೇಳುತ್ತೇನೆ. ರೆಗ್ಯುಲೇಟರಿನ ಹತ್ತಿರ ಒಂದು ದೊಡ್ಡ ಸಿಮೆಂಟ್ ರೆಸಿಸ್ಟರ್ ಇದೆಯಾ? ಬಿಳಿ ಇಟ್ಟಿಗೆ ತುಂಡಿನ ಹಾಗಿರುತ್ತದೆ. ಅದರ ಒಂದು ಕಾಲು ಎಸ್‌ಟಿಆರ್ ಇನ್‌ಪುಟ್ಟಿಗೆ, ಇನ್ನೊಂದು ಔಟ್‌ಪುಟ್ಟಿಗೆ ಹೋಗಿರಬೇಕು. ಇದ್ದರೆ, ನೀವು ಹೊರಗಿನಿಂದ ಸೇರಿಸಬೇಕೆಂದಿರುವ ಸಹಾಯ ಬೋರ್ಡ್ ಮಾಡಿದವರು ಅವತ್ತೇ ಕೊಟ್ಟಿದ್ದಾರೆ.

ನಾನು ದಾವಣಗೆರೆಯಲ್ಲಿ 27 ವರ್ಷ ಟಿವಿ ರಿಪೇರಿ ಅಂಗಡಿ ನಡೆಸಿದವನು. ಆರ್ಕೇಡ್ ಮೆಷೀನ್ ಮುಟ್ಟಿದವನಲ್ಲ. ಆದರೆ ಈ ಎಸ್‌ಟಿಆರ್ ಜಾತಿಯನ್ನು ಚೆನ್ನಾಗಿ ಬಲ್ಲೆ. 1982ರಲ್ಲಿ ದೂರದರ್ಶನ ಕಲರ್ ಆದ ಮೇಲೆ ಹೊರದೇಶದಿಂದ ಬಂದವರು ಅಲ್ಲಿಯ 110 ವೋಲ್ಟ್ ಟಿವಿಗಳನ್ನು ಹೊತ್ತು ತರುತ್ತಿದ್ದರು. ಇಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನೋಡುತ್ತಿದ್ದರು. ಆ ಟಿವಿಗಳಲ್ಲಿ ಎಸ್‌ಟಿಆರ್30115, 30123, 30130 ಇರುತ್ತಿದ್ದವು. ಕೊನೆಯ ಮೂರು ಅಂಕಿಯೇ ವೋಲ್ಟೇಜು. ನಿಮ್ಮ ಮಾನಿಟರಿನ ಒಳಗಿರುವುದೂ ಅದೇ ಸಂಸಾರ.

ಈ ರೆಗ್ಯುಲೇಟರ್ ಹೇಗೆ ಬದುಕುತ್ತದೆ ಎಂದು ಲೆಕ್ಕ ಹಾಕೋಣ. ಒಳಗೆ 162, ಹೊರಗೆ 123. ನಡುವೆ 39 ವೋಲ್ಟ್ ಎಲ್ಲಾದರೂ ಇಳಿಯಲೇಬೇಕು. 19 ಇಂಚಿನ ಮಾನಿಟರ್ ಪೂರ್ತಿ ಬೆಳಕಿನಲ್ಲಿ 0.6 ಆಂಪಿಯರ್ ಹತ್ತಿರ ಎಳೆಯುತ್ತದೆ ಅಂದುಕೊಳ್ಳಿ. 39 ಗುಣಿಸು 0.6, ಅಂದರೆ 23 ವಾಟ್‌ಗಿಂತ ಜಾಸ್ತಿ. ಇದು ಬರೀ ಶಾಖ. ನಿಮ್ಮ ಸೋಲ್ಡರಿಂಗ್ ಐರನ್ ಎಷ್ಟು ವಾಟ್? 25 ಇರಬಹುದು. ಅಷ್ಟು ಶಾಖ ಆ ಚಿಕ್ಕ ಹೀಟ್‌ಸಿಂಕಿನ ಮೇಲೆ ಕೂತರೆ ಎಸ್‌ಟಿಆರ್ ಎಷ್ಟು ದಿನ ತಾಳುತ್ತದೆ?

ಅದಕ್ಕೇ ಪಕ್ಕದಲ್ಲಿ ರೆಸಿಸ್ಟರ್ ಕೊಡುತ್ತಾರೆ. ಅದು 120 ಓಮ್ ಇದ್ದರೆ, 39 ಭಾಗಿಸು 120, ಸುಮಾರು 0.32 ಆಂಪಿಯರ್ ಅದರ ಮೂಲಕವೇ ಹಾದುಹೋಗುತ್ತದೆ. ಎಸ್‌ಟಿಆರ್ ಪಾಲಿಗೆ ಉಳಿಯುವುದು 0.28. ಅದರ ಮೇಲಿನ ಶಾಖ 11 ವಾಟ್ ಆಸುಪಾಸಿಗೆ ಬರುತ್ತದೆ. ಅರ್ಧಕ್ಕಿಂತ ಕಮ್ಮಿ. ಉಳಿದದ್ದು ರೆಸಿಸ್ಟರ್ ಮೇಲೆ. ಸಿಮೆಂಟ್ ರೆಸಿಸ್ಟರಿಗೆ ಶಾಖ ಎಂದರೆ ಭಯ ಇಲ್ಲ. ಮುಟ್ಟಿದರೆ ಸುಡುವಷ್ಟು ಬಿಸಿಯಾಗಿಯೇ ವರ್ಷಗಟ್ಟಲೆ ಇರುತ್ತದೆ. ಎತ್ತಿನಗಾಡಿಗೆ ಎರಡು ಎತ್ತು ಕಟ್ಟಿದ ಹಾಗೆ. ಒಂದು ಎತ್ತು ನಡುದಾರಿಯಲ್ಲಿ ನೊಗ ಬಿಟ್ಟರೆ ಇನ್ನೊಂದರ ಗತಿ ಏನು? ನಿಮ್ಮ ಎಸ್‌ಟಿಆರ್‌ಗೆ ಆಗುತ್ತಿರುವುದು ಅದೇ ಇರಬೇಕು. ರೆಸಿಸ್ಟರ್ ಓಪನ್ ಆಗಿದ್ದರೂ, ಅಂದರೆ ಒಳಗೆ ಕಡಿದುಹೋಗಿದ್ದರೂ, ಮಾನಿಟರ್ ಆನ್ ಆಗುತ್ತದೆ, ಚಿತ್ರ ಚೆನ್ನಾಗಿಯೇ ಬರುತ್ತದೆ. ಅದೇ ಮೋಸ. ಮೇಲ್ನೋಟಕ್ಕೆ ಎಲ್ಲ ಸರಿ, ಒಳಗೆ ಎಸ್‌ಟಿಆರ್ ಒಂದೇ ಪೂರ್ತಿ ಭಾರ ಎಳೆಯುತ್ತಿರುತ್ತದೆ.

ಇನ್ನು 2ಎನ್3055. ನಮ್ಮ ಕಾಲದ ಪ್ರತಿ ಅಂಗಡಿಯ ಡಬ್ಬದಲ್ಲೂ ಇದ್ದ ಟ್ರಾನ್ಸಿಸ್ಟರ್ ಅದು. ಕಪ್ಪುಬಿಳುಪು ಟಿವಿಯ 12 ವೋಲ್ಟ್ ಸಪ್ಲೈಗೆ ಬಂಗಾರದಂಥದ್ದು. ಆದರೆ ಅದು ತಡೆಯುವುದು 60 ವೋಲ್ಟ್. 39 ತಾನೇ ಅಂತ ಅನ್ನಬೇಡಿ. ಸ್ವಿಚ್ ಹಾಕಿದ ಕ್ಷಣದಲ್ಲಿ ಔಟ್‌ಪುಟ್ ಕಂಡೆನ್ಸರ್ ಖಾಲಿ ಇರುತ್ತದೆ. ಆಗ ಔಟ್‌ಪುಟ್ ಸೊನ್ನೆ, ಇನ್‌ಪುಟ್ 160ರ ಮೇಲೆ. ಅಷ್ಟೂ ಟ್ರಾನ್ಸಿಸ್ಟರ್ ಮೇಲೆಯೇ ಬೀಳುತ್ತದೆ. ಮೊದಲ ಸಲ ಆನ್ ಮಾಡಿದಾಗಲೇ ಅದು ಹೋಗುತ್ತದೆ.

ಪ್ಲಗ್ ಕಿತ್ತು, ದೊಡ್ಡ ಕಂಡೆನ್ಸರ್ ಡಿಸ್‌ಚಾರ್ಜ್ ಮಾಡಿ, ಅದು ಸೊನ್ನೆಯಾಗಿದೆ ಅಂತ ಮೀಟರಿನಲ್ಲಿ ನೋಡಿ, ಆಮೇಲೆ ರೆಸಿಸ್ಟರ್ ಅಳೆಯಿರಿ. ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ವೈರ್ ಸೇರುವ ಆನೋಡ್ ಕ್ಯಾಪ್ ಡಿಸ್‌ಚಾರ್ಜ್ ಮಾಡುವುದನ್ನೂ ಮರೆಯಬೇಡಿ. ಮನೆಯಲ್ಲಿ ಮಗು ಇದೆ ಅಂತೀರಿ. ಹಿಂದಿನ ಬಾಗಿಲು ತೆಗೆದಿಟ್ಟು ಊಟಕ್ಕೆ ಎದ್ದು ಹೋಗಬೇಡಿ.


ಸನ್ನಿವೇಲ್ ಕನ್ನಡಿಗ

ಸರ್, ತುಂಬಾ ಥ್ಯಾಂಕ್ಸ್. ರೆಸಿಸ್ಟರ್ ಇದೆ! ನೀವು ಹೇಳಿದ ಹಾಗೆಯೇ ಬಿಳಿ ಇಟ್ಟಿಗೆ. ಮೇಲೆ 120 ಓಮ್, 25 ವಾಟ್ ಅಂತ ಬರೆದಿದೆ. ನಿಮ್ಮ ಲೆಕ್ಕದ ಅಂಕಿಯೇ ಬೋರ್ಡ್ ಮೇಲೆ ಕಂಡಾಗ ಮೈ ಜುಂ ಅಂದಿತು.

ಆದರೆ ಅದು ಸರಿಯಾಗಿದೆ. ಪ್ಲಗ್ ಕಿತ್ತು, ಎಲ್ಲ ಡಿಸ್‌ಚಾರ್ಜ್ ಮಾಡಿ, ಮೀಟರಿನ ಮೊನೆಗಳನ್ನು ರೆಸಿಸ್ಟರಿನ ಎರಡು ಕಾಲಿಗೆ ಇಟ್ಟು ಅಳೆದೆ. 121 ಓಮ್ ತೋರಿಸಿತು. ಈಗ ಎಸ್‌ಟಿಆರ್ ಬೋರ್ಡ್ ಮೇಲಿಲ್ಲ, ಹಾಗಾಗಿ ಬೇರೆ ದಾರಿಯಿಂದ ತಪ್ಪು ಅಳತೆ ಬಂದಿರುವ ಸಾಧ್ಯತೆಯೂ ಕಮ್ಮಿ ಅಲ್ವಾ?

ಹಾಗಾದರೆ ಮಾನಿಟರೇ ಜಾಸ್ತಿ ಕರೆಂಟ್ ಎಳೆಯುತ್ತಿದೆಯಾ? ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಹೋಗಿರಬಹುದಾ? ಆ ಮಾಡೆಲ್ಲಿನ ಫ್ಲೈಬ್ಯಾಕ್ ಹುಡುಕುವುದೇ ಕಷ್ಟ ಅಂತ ಕೇಳಿದ್ದೇನೆ. ಸ್ವಲ್ಪ ಗಾಬರಿಯಾಗಿದೆ.


ದಾವಣಗೆರೆ ಟಿವಿ ಮೆಕ್ಯಾನಿಕ್

ಗಾಬರಿ ಬೇಡ. ಫ್ಲೈಬ್ಯಾಕ್ ಅಂದರೆ ನಾವು ಎಲ್‌ಓಟಿ ಅನ್ನುವುದು, ಅದರ ಮಾತು ಆಮೇಲೆ. ನೀವು ಅಳೆದದ್ದು ರೆಸಿಸ್ಟರನ್ನು. ನಾನು ಅಳೆಯಲು ಹೇಳಬೇಕಿದ್ದದ್ದು ಬೋರ್ಡನ್ನು. ಅಷ್ಟು ಬಿಡಿಸಿ ಹೇಳಲಿಲ್ಲ, ಅದು ನನ್ನ ತಪ್ಪು.

ಬೋರ್ಡ್ ತಿರುಗಿಸಿ. ತಾಮ್ರದ ಟ್ರ್ಯಾಕ್ ಇರುವ ಬದಿಯಲ್ಲಿ ಎಸ್‌ಟಿಆರ್ ಇನ್‌ಪುಟ್ ತೂತು ಎಲ್ಲಿ, ಔಟ್‌ಪುಟ್ ತೂತು ಎಲ್ಲಿ ನೋಡಿಕೊಳ್ಳಿ. ಮೀಟರಿನ ಮೊನೆ ಆ ಎರಡು ಕಡೆ ಇಡಿ. ರೆಸಿಸ್ಟರಿನ ಕಾಲು ಮುಟ್ಟಬೇಡಿ. ಈಗಲೂ 121 ಬಂದರೆ ರೆಸಿಸ್ಟರ್ ನಿಜವಾಗಿ ಕೆಲಸದಲ್ಲಿದೆ. ಬರದಿದ್ದರೆ ನಡುವೆ ಎಲ್ಲೋ ಕಡಿದಿದೆ.

ಆಮೇಲೆ ರೆಸಿಸ್ಟರಿನ ಎರಡೂ ಸೋಲ್ಡರ್ ಗುಡ್ಡೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ತೆಳು ಉಂಗುರ ಕಾಣುತ್ತದಾ? ಅದೇ ಡ್ರೈ ಸೋಲ್ಡರ್. ರೆಸಿಸ್ಟರ್ ದಿನಾ ಬಿಸಿಯಾಗಿ ಹಿಗ್ಗುತ್ತದೆ, ಆರಿ ಕುಗ್ಗುತ್ತದೆ. ಹತ್ತಿಪ್ಪತ್ತು ವರ್ಷ ಹೀಗೇ ನಡೆದರೆ ಸೋಲ್ಡರ್ ಕಾಲಿನಿಂದ ಬಿಡುತ್ತದೆ. ನನ್ನ ಅಂಗಡಿಗೆ ಬರುತ್ತಿದ್ದ ಟಿವಿಗಳಲ್ಲಿ ಬಿಸಿಯಾಗುವ ಭಾಗಗಳ ಕಾಲನ್ನೇ ನಾನು ಮೊದಲು ನೋಡುತ್ತಿದ್ದೆ. ಪೆಟ್ಟಿಗೆಯ ಮೇಲೆ ತಟ್ಟಿದರೆ ಚಿತ್ರ ಸರಿಹೋಗುತ್ತದೆ ಅಂತ ಗಿರಾಕಿ ಹೇಳಿದರಂತೂ ಮೀಟರ್ ತೆಗೆಯುವ ಮೊದಲು ಐರನ್ ಬಿಸಿಗೆ ಇಡುತ್ತಿದ್ದೆ.

ನಿಮ್ಮದು ಆಟದ ಮೆಷೀನ್ ಬೇರೆ. ಜನ ಬಟನ್ ಕುಟ್ಟುತ್ತಾರೆ. ಆ ಅದುರು ಕೂಡ ಸೇರಿಕೊಳ್ಳುತ್ತದೆ.


ಸನ್ನಿವೇಲ್ ಕನ್ನಡಿಗ

ಸಿಕ್ಕಿತು ಸರ್. ಸಿಕ್ಕಿಯೇ ಬಿಟ್ಟಿತು.

ಟ್ರ್ಯಾಕ್ ಕಡೆಯಿಂದ ಅಳೆದರೆ ಮೀಟರ್ ಒಂದೇ ಅಂಕಿಯಲ್ಲಿ ನಿಲ್ಲಲಿಲ್ಲ. ಸಾವಿರಾರು ಓಮ್ ತೋರಿಸುತ್ತಾ ಏರುತ್ತಲೇ ಹೋಯಿತು. ಒಂದು ಮರದ ಚಮಚದ ತುದಿಯಿಂದ ರೆಸಿಸ್ಟರನ್ನು ಸ್ವಲ್ಪ ಒತ್ತಿದೆ. ಆಗ 121ಕ್ಕೆ ಇಳಿಯಿತು. ಬಿಟ್ಟರೆ ಮತ್ತೆ ಮೇಲೆ. ಎಸ್‌ಟಿಆರ್ ಔಟ್‌ಪುಟ್ ಕಡೆಯ ಕಾಲಿನ ಸುತ್ತ ನೀವು ಹೇಳಿದ ಉಂಗುರ ಸ್ಪಷ್ಟವಾಗಿ ಕಂಡಿತು. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಮಗಳಿಗೂ ತೋರಿಸಿದೆ. ಅಲ್ಲಿ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದೆ, ಟ್ರ್ಯಾಕ್ ಸ್ವಲ್ಪ ಎದ್ದಿದೆ. ಆನ್ ಮಾಡಿದ 20 ನಿಮಿಷಕ್ಕೆ ಅಂಚು ನಡುಗುತ್ತಿದ್ದದ್ದೂ ಇದಕ್ಕೇ ಇರಬೇಕು. ಬಿಸಿಯಾಗಿ ಕಾಲು ಆಗಾಗ ತಾಗಿ ಬಿಡುತ್ತಿತ್ತೇನೋ.

ಹಳೆಯ ಸೋಲ್ಡರ್ ಪೂರ್ತಿ ತೆಗೆದೆ. ರೆಸಿಸ್ಟರ್ ಕಾಲು ಕಪ್ಪಾಗಿತ್ತು, ಕೆರೆದು ಹೊಳಪು ತಂದೆ. ಎದ್ದ ಟ್ರ್ಯಾಕನ್ನು ನಂಬದೆ ಒಂದು ದಪ್ಪ ತಂತಿಯನ್ನು ಕಾಲಿನಿಂದ ಎಸ್‌ಟಿಆರ್ ಔಟ್‌ಪುಟ್ಟಿನವರೆಗೆ ಎಳೆದೆ. ಮೊದಲು ರೆಸಿಸ್ಟರ್ ಬೋರ್ಡಿಗೆ ಅಂಟಿಕೊಂಡ ಹಾಗೆ ಕೂತಿತ್ತು. ಈಗ ಅರ್ಧ ಇಂಚು ಮೇಲೆ ಎತ್ತಿ ಕೂರಿಸಿದ್ದೇನೆ. ಎಸ್‌ಟಿಆರ್ ಹಿಂದಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ.

ಇನ್ನೂ ಆನ್ ಮಾಡಿಲ್ಲ. ಆನ್ ಮಾಡುವ ಮುಂಚೆ ಏನಾದರೂ ನೋಡಬೇಕಾ? ಇನ್ನೊಂದು ಪ್ರಶ್ನೆ. ರೆಸಿಸ್ಟರ್ ಇಷ್ಟು ಸಹಾಯ ಮಾಡುವುದಾದರೆ, 120 ತೆಗೆದು 82 ಅಥವಾ 68 ಓಮ್ ಹಾಕಿದರೆ ಎಸ್‌ಟಿಆರ್ ಇನ್ನೂ ತಂಪಾಗಿರುತ್ತದೆ ಅಲ್ವಾ?


ಮೈಸೂರು ಲ್ಯಾಬ್ ಮೇಡಂ

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. 82 ಓಮ್ ವಿಷಯ ಯಜಮಾನರಿಗೇ ಬಿಡುತ್ತೇನೆ. ಮೊದಲ ಪ್ರಶ್ನೆಯಲ್ಲಿ 7812 ಮಾತು ಬಂದಿತ್ತಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮುಂದೆ ಇದನ್ನು ಓದುವವರಿಗೆ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

5, 12, 15 ವೋಲ್ಟಿನ ಸಪ್ಲೈಗಳಲ್ಲಿ ಪಕ್ಕದ ಟ್ರಾನ್ಸಿಸ್ಟರ್ ಕೊಡುವುದು ಒಳ್ಳೆಯ ದಾರಿಯೇ. ಮೂರು ಕಾಲಿನ 7812 ಒಂದು ಆಂಪಿಯರ್ ಸುಮಾರಿಗೆ ಸುಸ್ತಾಗುತ್ತದೆ. ಅದರ ಇನ್‌ಪುಟ್ ದಾರಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕುತ್ತೇವೆ, 6.8 ಓಮ್ ಅನ್ನಿ. ಎಂಜೆ2955 ಥರದ ಒಂದು ಪಿಎನ್‌ಪಿ ಪವರ್ ಟ್ರಾನ್ಸಿಸ್ಟರ್ ತಗೊಳ್ಳಿ. ಅದರ ಎಮಿಟರ್ ರೆಸಿಸ್ಟರಿನ ಆಚೆ ಬದಿಗೆ, ಬೇಸ್ ಈಚೆ ಬದಿಗೆ, ಅಂದರೆ 7812ರ ಇನ್‌ಪುಟ್ ಕಾಲಿಗೆ. ಕಲೆಕ್ಟರ್ 7812ರ ಔಟ್‌ಪುಟ್ಟಿಗೆ. ಕರೆಂಟ್ 100 ಮಿಲಿಆಂಪಿಯರ್ ಆಗುವವರೆಗೆ 7812 ಒಂದೇ ದುಡಿಯುತ್ತದೆ. ಅದು ದಾಟಿದಾಗ 6.8 ಓಮ್ ಮೇಲೆ 0.7 ವೋಲ್ಟ್ ಬೀಳುತ್ತದೆ, ಟ್ರಾನ್ಸಿಸ್ಟರ್ ತೆರೆದುಕೊಳ್ಳುತ್ತದೆ, ಮಿಕ್ಕ ಭಾರ ಅದು ಹೊರುತ್ತದೆ. ವೋಲ್ಟೇಜ್ ಎಷ್ಟಿರಬೇಕು ಅಂತ ನೋಡುವ ಕೆಲಸ ಮಾತ್ರ ಕೊನೆಯವರೆಗೂ 7812ರದ್ದೇ.

ಇದರಲ್ಲಿ ಒಂದು ದೊಡ್ಡ ಕೊರತೆ ಇದೆ. 7812ರ ಒಳಗೆ ಶಾರ್ಟ್ ಆದರೆ ಕಾಪಾಡುವ ಸರ್ಕ್ಯೂಟ್ ಇದೆ. ಹೊರಗಿನ ಟ್ರಾನ್ಸಿಸ್ಟರಿಗೆ ಅದು ಸಿಗುವುದಿಲ್ಲ. ಔಟ್‌ಪುಟ್ ಶಾರ್ಟ್ ಆದರೆ 7812 ಉಳಿದುಕೊಳ್ಳುತ್ತದೆ, ಟ್ರಾನ್ಸಿಸ್ಟರ್ ಸಾಯುತ್ತದೆ. ಅದಕ್ಕೆ ಎಮಿಟರ್ ದಾರಿಯಲ್ಲಿ 0.22 ಓಮ್ ಇಟ್ಟು, ಅದನ್ನು ಕಾಯಲು ಎರಡನೆಯ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕಬೇಕು. ಕರೆಂಟ್ 3 ಆಂಪಿಯರ್ ದಾಟಿದಾಗ ಈ 0.22 ಓಮ್ ಮೇಲೆ 0.7 ವೋಲ್ಟ್ ಬಂದು, ಕಾವಲು ಟ್ರಾನ್ಸಿಸ್ಟರ್ ದೊಡ್ಡದರ ಬೇಸ್ ಕರೆಂಟನ್ನು ಕದಿಯುತ್ತದೆ. ನಮ್ಮ ಲ್ಯಾಬಿನಲ್ಲಿ ಹುಡುಗರು ಈ ಎರಡನೆಯ ಟ್ರಾನ್ಸಿಸ್ಟರ್ ಬಿಟ್ಟು ಕಟ್ಟಿದರೆ ನಾನು ಪವರ್ ಕೊಡಲು ಬಿಡುವುದಿಲ್ಲ.

ಇನ್ನೊಂದು ವಿಷಯ. ಈ ರೆಸಿಸ್ಟರುಗಳ ಮೇಲೂ ವೋಲ್ಟ್ ಬೀಳುವುದರಿಂದ ಇನ್‌ಪುಟ್ ಇನ್ನೂ ಒಂದೂವರೆ ವೋಲ್ಟ್ ಎತ್ತರ ಇರಬೇಕು. ಮೊದಲೇ ಬಿಗಿಯಾಗಿರುವ ಸಪ್ಲೈಯಲ್ಲಿ ಇದನ್ನು ಹಾಕಿದರೆ ಚಿತ್ರದಲ್ಲಿ ಹಮ್ ಪಟ್ಟಿ ತೇಲುತ್ತದೆ. ಒಂದರ ಬದಲು ಎರಡು ಟ್ರಾನ್ಸಿಸ್ಟರ್ ಹಾಕುವುದಾದರೆ ಪ್ರತಿಯೊಂದರ ಎಮಿಟರಿಗೂ ಬೇರೆಬೇರೆ 0.1 ಓಮ್ ಕೊಡಿ. ಇಲ್ಲದಿದ್ದರೆ ಸ್ವಲ್ಪ ಬಿಸಿಯಾದದ್ದೇ ಹೆಚ್ಚು ಕರೆಂಟ್ ಎಳೆದುಕೊಂಡು ಇನ್ನೂ ಬಿಸಿಯಾಗುತ್ತದೆ.

ಆರ್ಕೇಡ್ ಜಗತ್ತಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಟಾರಿಯವರ 1979ರ ಆಸ್ಟೆರಾಯ್ಡ್ಸ್ ಕಾಲದ ರೆಗ್ಯುಲೇಟರ್ ಬೋರ್ಡ್ ನೋಡಿ. ಅಲ್ಲಿ 5 ವೋಲ್ಟನ್ನು ಕಾಯುವುದು ಎಲ್‌ಎಂ305 ಎಂಬ ಪುಟ್ಟ ಐಸಿ. ಅದರಿಂದ ನೇರವಾಗಿ ಸಿಗುವುದು ಕೆಲವೇ ಮಿಲಿಆಂಪಿಯರ್. ಆದರೆ ಅದು ಒಂದು ದೊಡ್ಡ 2ಎನ್3055ಕ್ಕೆ ಅಪ್ಪಣೆ ಕೊಡುತ್ತದೆ, ಗೇಮ್ ಬೋರ್ಡಿಗೆ ಬೇಕಾದ ಆಂಪಿಯರುಗಳೆಲ್ಲ ಆ ಟ್ರಾನ್ಸಿಸ್ಟರ್ ಮೂಲಕ ಹೋಗುತ್ತವೆ. ಅಟಾರಿ ಇದ್ದದ್ದು ಸನ್ನಿವೇಲ್‌ನಲ್ಲೇ. ಪ್ರಶ್ನೆ ಕೇಳಿದವರು ಇರುವ ಊರಿನಲ್ಲೇ ಇದರ ಪಾಠ ಇದೆ!

ಒಂದು ಮಾತು ಮಾತ್ರ ನೆನಪಿರಲಿ. ಪಕ್ಕಕ್ಕೆ ಟ್ರಾನ್ಸಿಸ್ಟರ್ ಕೊಟ್ಟರೆ ಶಾಖ ಕಮ್ಮಿಯಾಗುವುದಿಲ್ಲ. ಜಾಗ ಬದಲಾಗುತ್ತದೆ ಅಷ್ಟೇ. 24 ವಾಟ್ ಇದ್ದರೆ 24 ವಾಟೇ. ಹೊಸ ಜಾಗದಲ್ಲಿ ಅದಕ್ಕೆ ತಕ್ಕ ಹೀಟ್‌ಸಿಂಕ್ ಇದೆಯಾ, ಗಾಳಿ ಇದೆಯಾ ನೋಡಿ.


ದಾವಣಗೆರೆ ಟಿವಿ ಮೆಕ್ಯಾನಿಕ್

ಮೇಡಂ ಬಹಳ ಚೆನ್ನಾಗಿ ಹೇಳಿದ್ದಾರೆ. ತಮ್ಮಾ, ನಿಮ್ಮ ಕೆಲಸವೂ ಅಚ್ಚುಕಟ್ಟಾಗಿದೆ. ತಂತಿ ಎಳೆದದ್ದು, ರೆಸಿಸ್ಟರ್ ಎತ್ತಿ ಕೂರಿಸಿದ್ದು, ನಾನೂ ಅದನ್ನೇ ಮಾಡುತ್ತಿದ್ದೆ.

ಈಗ 82 ಓಮ್ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಾನು ಇದನ್ನು ಕಲಿತದ್ದು ಇನ್ನೊಬ್ಬರ ಟಿವಿಯ ಮೇಲೆ.

ಗಿರಾಕಿಯೊಬ್ಬರು 110 ವೋಲ್ಟ್ ಟಿವಿ ತಂದಿದ್ದರು. ಅದರಲ್ಲಿ ಎಸ್‌ಟಿಆರ್30115. ಪಕ್ಕದ 150 ಓಮ್ ರೆಸಿಸ್ಟರ್ ಓಪನ್ ಆಗಿತ್ತು. ನನ್ನ ಹತ್ತಿರ 150 ಇರಲಿಲ್ಲ. 82 ಇತ್ತು. ಕಮ್ಮಿ ಓಮ್ ಆದರೆ ರೆಸಿಸ್ಟರ್ ಜಾಸ್ತಿ ಹೊರುತ್ತದೆ, ಎಸ್‌ಟಿಆರ್‌ಗೆ ಇನ್ನೂ ಸುಖ, ಒಳ್ಳೆಯದೇ ಆಯಿತು ಅಂದುಕೊಂಡು ಹಾಕಿದೆ. ಅಂಗಡಿಯಲ್ಲಿ ಮೂರು ಗಂಟೆ ಓಡಿಸಿದೆ. ಬಿ ಪ್ಲಸ್ 115, ಎಸ್‌ಟಿಆರ್ ಬೆಚ್ಚಗಿತ್ತು ಅಷ್ಟೇ. ಖುಷಿಯಿಂದ ಕೊಟ್ಟು ಕಳಿಸಿದೆ. ಅವರ ಊರು ಹಳ್ಳಿ. ರಾತ್ರಿ ಹತ್ತರ ಮೇಲೆ ಪಂಪ್‌ಸೆಟ್ಟುಗಳು ನಿಂತರೆ ಲೈನಿನ ವೋಲ್ಟೇಜ್ ಏರುತ್ತಿತ್ತು. ಹಗಲು ಅಂಗಡಿಯಲ್ಲಿ 150 ವೋಲ್ಟ್ ಡಿಸಿ ಇದ್ದದ್ದು ಅಲ್ಲಿ ರಾತ್ರಿ 172ರ ಹತ್ತಿರ ಹೋಗುತ್ತಿತ್ತು. ಲೆಕ್ಕ ಹಾಕಿ. 172ರಲ್ಲಿ 115 ಕಳೆದರೆ 57. ಅದನ್ನು 82ರಿಂದ ಭಾಗಿಸಿದರೆ 0.69 ಆಂಪಿಯರ್. ಟಿವಿಗೆ ಬೇಕಿದ್ದದ್ದೇ 0.5.

ರೆಸಿಸ್ಟರ್ ಒಂದೇ ಟಿವಿಗೆ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತಿದೆ. ಆಗ ಎಸ್‌ಟಿಆರ್ ಏನು ಮಾಡಬೇಕು? ತನ್ನ ಪಾಲನ್ನು ಪೂರ್ತಿ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚು ಅದರ ಕೈಯಲ್ಲಿ ಆಗುವುದಿಲ್ಲ. ಬಂದ ಕರೆಂಟನ್ನು ವಾಪಸ್ ನುಂಗುವ ಶಕ್ತಿ ಅದಕ್ಕಿಲ್ಲ. ಬಿ ಪ್ಲಸ್ ತಾನಾಗಿ ಮೇಲೇರಿತು. 127ರ ಹತ್ತಿರ ಹೋಗಿರಬೇಕು. ಅದರ ಜೊತೆ ಹೈ ವೋಲ್ಟೇಜೂ ಏರಿತು. ನಾಲ್ಕನೆಯ ರಾತ್ರಿ ಎಲ್‌ಓಟಿ ಸುಟ್ಟಿತು. ಅದನ್ನು ನಡೆಸುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಜೊತೆಗೇ ಹೋಯಿತು. ಎರಡನ್ನೂ ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಎಲ್‌ಓಟಿ ಮದ್ರಾಸಿನಿಂದ ತರಿಸಬೇಕಾಯಿತು. ಅಷ್ಟು ದಿನ ಅವರ ಮನೆಯಲ್ಲಿ ಟಿವಿ ಇಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಇನ್ನೂ ಕಷ್ಟವಾಗಿತ್ತು.

ನಿಮ್ಮ ಮಾನಿಟರಿಗೆ ಇದೇ ಲೆಕ್ಕ ಹಾಕೋಣ. ಇಲ್ಲಿ ನೋಡಬೇಕಾದದ್ದು ಅತಿ ಹೆಚ್ಚು ಕರೆಂಟನ್ನಲ್ಲ, ಅತಿ ಕಮ್ಮಿ ಕರೆಂಟನ್ನು. ಗ್ಯಾಲಗಾದ ಪರದೆ ಬಹುಪಾಲು ಕಪ್ಪು. ನಕ್ಷತ್ರ, ಒಂದಷ್ಟು ಹುಳುಗಳು, ಅಷ್ಟೇ ತಾನೇ? ಕಪ್ಪು ಪರದೆಗೆ ಪಿಕ್ಚರ್ ಟ್ಯೂಬ್ ಕರೆಂಟ್ ಕಮ್ಮಿ ಎಳೆಯುತ್ತದೆ. ಅದು 0.45 ಆಂಪಿಯರ್ ಅಂದುಕೊಳ್ಳಿ. ನಿಮ್ಮ ಗೋಡೆಯ 120 ವೋಲ್ಟ್ ಒಂದೊಂದು ದಿನ 126 ಆಗಬಹುದು. ಆಗ 162 ಇದ್ದದ್ದು 170 ಆಗುತ್ತದೆ. ಇಳಿಯಬೇಕಾದದ್ದು 47 ವೋಲ್ಟ್. 120 ಓಮ್ ಇದ್ದರೆ 0.39. ಸರಿ, 0.45ಕ್ಕಿಂತ ಕೆಳಗಿದೆ. ಎಸ್‌ಟಿಆರ್ ಕೈಯಲ್ಲಿ ಇನ್ನೂ ಲಗಾಮು ಇದೆ. 100 ಓಮ್ ಹಾಕಿದರೆ 0.47. ಲಗಾಮು ಕೈತಪ್ಪಿತು. 82, 68 ಕೇಳಲೇಬೇಡಿ. ಬೋರ್ಡ್ ಮಾಡಿದವರು 120 ಅಂತ ಸುಮ್ನೆ ಇಟ್ಟಿಲ್ಲ. ಎರಡೂ ತುದಿ ನೋಡಿ ಇಟ್ಟಿದ್ದಾರೆ.

ಎಸ್‌ಟಿಆರ್ ಇನ್ನೂ ತಂಪಾಗಬೇಕಾದರೆ ಹೀಟ್‌ಸಿಂಕ್ ದೊಡ್ಡದು ಮಾಡಿ. ಮಾನಿಟರ್ ಮಗ್ಗುಲಾಗಿ ಕೂತಿದೆ ಅಂದಿರಿ. ಹಾಗೆ ಕೂತಾಗ ರೆಸಿಸ್ಟರ್ ಕೆಳಗೆ, ಎಸ್‌ಟಿಆರ್ ಮೇಲೆ ಬಂದಿದೆಯಾ ನೋಡಿ. ಬಂದಿದ್ದರೆ ರೆಸಿಸ್ಟರಿನ ಬಿಸಿಗಾಳಿ ನೇರವಾಗಿ ಎಸ್‌ಟಿಆರ್‌ಗೆ ಹೊಡೆಯುತ್ತದೆ. ರೆಸಿಸ್ಟರನ್ನು ಉದ್ದ ವೈರ್ ಹಾಕಿ ಲೋಹದ ಚೌಕಟ್ಟಿನ ಹತ್ತಿರ, ಪಕ್ಕಕ್ಕೆ ಕೂರಿಸಬಹುದು. ಕಾಲುಗಳು ಚೌಕಟ್ಟಿಗೆ ತಾಗದ ಹಾಗೆ, ವೈರ್ ಮೇಲೆ ಶಾಖ ತಡೆಯುವ ಸ್ಲೀವ್ ಹಾಕಿ. ಪೆಟ್ಟಿಗೆಯ ಹಿಂದೆ ಒಂದು ಚಿಕ್ಕ ಫ್ಯಾನ್ ಕೂಡ ಒಳ್ಳೆಯದು.

ಆನ್ ಮಾಡುವ ಮೊದಲು ಒಂದು ಕೆಲಸ. ಲೈನ್ ಔಟ್‌ಪುಟ್ಟಿಗೆ ಹೋಗುವ ಬಿ ಪ್ಲಸ್ ದಾರಿ ಬಿಡಿಸಿ. ಆ ಜಾಗದಲ್ಲಿ ಬಿ ಪ್ಲಸ್ಸಿಗೂ ಗ್ರೌಂಡಿಗೂ ನಡುವೆ ಒಂದು 60 ವಾಟ್ ಹಳೆಯ ಕಾಲದ ಬಲ್ಬ್ ಕಟ್ಟಿ. ನಿಮ್ಮ ಊರಿನ 120 ವೋಲ್ಟ್ ಬಲ್ಬ್. ಎಲ್‌ಇಡಿ ಬೇಡ. ಹಳೆಯ ಬಲ್ಬ್ 0.5 ಆಂಪಿಯರ್ ಎಳೆಯುತ್ತದೆ, ನಿಮ್ಮ ಮಾನಿಟರಿನ ಹಾಗೇ. ಬಲ್ಬ್ ಇಲ್ಲದೆ ಖಾಲಿ ಬಿಟ್ಟು ಅಳೆದರೆ ರೆಸಿಸ್ಟರ್ ಮೂಲಕ 162 ಪೂರ್ತಿ ಬಂದು ನಿಮ್ಮನ್ನು ಹೆದರಿಸುತ್ತದೆ. ಬಲ್ಬ್ ಮೇಲೆ 123 ಬಂದು ಅರ್ಧ ಗಂಟೆ ಅಲ್ಲೇ ನಿಂತರೆ, ಆಫ್ ಮಾಡಿ, ಡಿಸ್‌ಚಾರ್ಜ್ ಮಾಡಿ, ದಾರಿ ಮತ್ತೆ ಕೂಡಿಸಿ. ಆಗ ಬಿ ಪ್ಲಸ್ ದಾರಿಯಲ್ಲಿ ಒಂದು 1 ಓಮ್, 5 ವಾಟ್ ರೆಸಿಸ್ಟರ್ ಸೇರಿಸಿ ಅದರ ಮೇಲಿನ ಮಿಲಿವೋಲ್ಟ್ ಅಳೆಯಿರಿ. ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಆಂಪಿಯರ್. ಪೂರ್ತಿ ಬಿಳಿ ಪರದೆಯಲ್ಲಿ ಎಷ್ಟು, ಆಟದ ಕಪ್ಪು ಪರದೆಯಲ್ಲಿ ಎಷ್ಟು, ಎರಡೂ ಬರೆದು ತಿಳಿಸಿ. ಮೀಟರಿನ ಕ್ಲಿಪ್ ಹಾಕುವುದು ಪವರ್ ಆಫ್ ಇದ್ದಾಗ. ಆನ್ ಆದ ಮೇಲೆ ಕೈ ಒಳಗೆ ಹೋಗಬಾರದು.


ಸನ್ನಿವೇಲ್ ಕನ್ನಡಿಗ

ಬಲ್ಬಿನ ಮೇಲೆ 123.2. ಅರ್ಧ ಗಂಟೆ ಕಾದೆ, ಕದಲಲಿಲ್ಲ.

ಆಮೇಲೆ ಮಾನಿಟರ್ ಕೂಡಿಸಿದೆ. ಬಿಳಿ ಟೆಸ್ಟ್ ಪರದೆಯಲ್ಲಿ 618 ಮಿಲಿವೋಲ್ಟ್. ಆಟದ ಪರದೆಯಲ್ಲಿ 455ರಿಂದ 470. ನೀವು ದಾವಣಗೆರೆಯಲ್ಲಿ ಕೂತು ಅಂದಾಜು ಹೇಳಿದ್ದು ಇಷ್ಟು ಹತ್ತಿರ ಬಂದದ್ದು ನೋಡಿ ಆಶ್ಚರ್ಯವಾಯಿತು ಸರ್. ನೀವು ಹೇಳಿದ ಹಾಗೆ ರೆಸಿಸ್ಟರ್ ಎಸ್‌ಟಿಆರ್‌ನ ಕೆಳಗೇ ಇತ್ತು. ಶನಿವಾರ ಪಕ್ಕಕ್ಕೆ ಸಾಗಿಸುತ್ತೇನೆ, ಸ್ಲೀವ್ ತರಿಸಿದ್ದೇನೆ. 120 ಓಮ್ ಹಾಗೇ ಇರುತ್ತದೆ.

ನಿನ್ನೆ ಸಂಜೆ ಎರಡು ಗಂಟೆ ನಿಲ್ಲಿಸದೆ ಓಡಿಸಿದೆವು. ಅಂಚು ನಡುಗಲಿಲ್ಲ. ಮಗಳು 14ನೇ ಹಂತ ಮುಟ್ಟಿದಳು. ದಾವಣಗೆರೆ ತಾತನಿಗೆ ಹೇಳು ಅಂದಳು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇವೆ. ಹಾಸನದಿಂದ ದಾವಣಗೆರೆಗೆ ಬಂದರೆ ಸಿಗುತ್ತೀರಾ?


ದಾವಣಗೆರೆ ಟಿವಿ ಮೆಕ್ಯಾನಿಕ್

ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ. ಬೆಣ್ಣೆದೋಸೆ ತಿನ್ನೋಣ. ಸುಟ್ಟ ಎರಡು ಎಸ್‌ಟಿಆರ್ ಎಸೆಯಬೇಡಿ, ತನ್ನಿ. ಒಳಗೆ ಎಲ್ಲಿ ಸುಟ್ಟಿದೆ ಅಂತ ಒಡೆದು ನೋಡಬೇಕು ಅಂತ ನನಗೆ ಯಾವತ್ತಿನಿಂದಲೋ ಆಸೆ.